ನಾವು ಹಾಕದ ಓಟು, ನಮ್ಮದೇ ಫಲಿತಾಂಶ

2024ರ ಫೆಬ್ರವರಿ 27ರ ರಾಜ್ಯಸಭಾ ಚುನಾವಣೆಯಲ್ಲಿ ರಾಜ್ಯದ 4 ಸ್ಥಾನಗಳ ಪೈಕಿ 3 ಕಾಂಗ್ರೆಸ್‌ಗೆ ಸಿಕ್ಕವು. ಅಜಯ್ ಮಾಕನ್, ಸೈಯದ್ ನಾಸೀರ್ ಹುಸೇನ್, ಜಿ.ಸಿ. ಚಂದ್ರಶೇಖರ್ ಗೆದ್ದರು, ಬಿಜೆಪಿಯಿಂದ ನಾರಾಯಣಸಾ ಭಾಂಡಗೆ. ಬಿಜೆಪಿಯ ಎಸ್.ಟಿ. ಸೋಮಶೇಖರ್ ಅಡ್ಡಮತ ಹಾಕಿದರು, ಶಿವರಾಮ ಹೆಬ್ಬಾರ್ ಗೈರಾದರು. ಜೆಡಿಎಸ್‌ನ ಕುಪೇಂದ್ರ ರೆಡ್ಡಿ 36 ಮತಕ್ಕೇ ನಿಂತರು.

ನಾಸೀರ್ ಹುಸೇನ್‌ರಿಗೆ 47 ಮತ ಬಂತೆಂದು ನಮ್ಮ ಮನೆಗಳಲ್ಲಿ ಖುಷಿ ಇತ್ತು. ಇರಲಿ. ಆದರೆ 2022ರ ಜೂನ್ ಮರೆಯುವುದು ಬೇಡ. ನಮ್ಮ ಉಡುಪಿಯ ಆಸ್ಕರ್ ಫೆರ್ನಾಂಡಿಸ್ ತೀರಿಹೋಗಿ ಖಾಲಿಯಾಗಿದ್ದ ಸ್ಥಾನವೂ ಆ ನಾಲ್ಕರಲ್ಲಿತ್ತು. ಕಾಂಗ್ರೆಸ್‌ನ ಮನ್ಸೂರ್ ಅಲಿ ಖಾನ್‌ಗೆ 25, ಜೆಡಿಎಸ್‌ನ ಕುಪೇಂದ್ರ ರೆಡ್ಡಿಗೆ 30 ಮತ. ಎರಡೂ ಪಕ್ಷ ಹಠ ಬಿಡಲಿಲ್ಲ. 33 ಮತದ ಲೆಹರ್ ಸಿಂಗ್ ದೆಹಲಿಗೆ ಹೋದರು.

ಈ ಬಾರಿ ಬದಲಾದದ್ದು 2023ರ ಮೇಯಲ್ಲಿ, ಕಾಂಗ್ರೆಸ್ 135 ಶಾಸಕರನ್ನು ಗೆದ್ದಾಗ. ಉಡುಪಿ ಜಿಲ್ಲೆಯ ಐದೂ ಕ್ಷೇತ್ರ ಬಿಜೆಪಿಯದು. "ನಮಗೆ ಓಟೇ ಇಲ್ಲದ ಎಲೆಕ್ಷನ್ ನಮಗ್ಯಾಕೆ ಮಾರಾಯ್ರೆ" ಎಂದು ಮಲ್ಪೆ ಬಂದರಿನಲ್ಲಿ ಹೇಳುವವರು, ಶಾಸಕರನ್ನು ಆರಿಸುವ ದಿನವೇ ಅದಕ್ಕೂ ಓಟು ಹಾಕಿರುತ್ತಾರೆ. ಆ ದಿನ ಬೋಟಿನಲ್ಲೋ ಗಲ್ಫಿನಲ್ಲೋ ಇದ್ದವರ ಲೆಕ್ಕ ಬೇರೆ.

ಇನ್ನೊಂದು ಮಾತು. ರಾಜ್ಯಸಭಾ ಸದಸ್ಯರಿಗೂ ವರ್ಷಕ್ಕೆ 5 ಕೋಟಿ ರೂಪಾಯಿ ನಿಧಿ ಇದೆ. ರಾಜ್ಯದ ಯಾವ ಜಿಲ್ಲೆಯ ಕೆಲಸಕ್ಕೂ ಶಿಫಾರಸು ಮಾಡಬಹುದು. ಶಾಲೆಗೆ ಕೋಣೆಯೋ, ಕುಡಿಯುವ ನೀರೋ, ಜಾಗ ಮತ್ತು ಅಂದಾಜು ಖರ್ಚು ಬರೆದು ಕೇಳಬೇಕು. ಸನ್ಮಾನಕ್ಕೆ ಶಾಲು ಹಿಡಿದು ಹೊರಟವರು ಆ ಅರ್ಜಿಯನ್ನೂ ಜೊತೆಗಿಟ್ಟುಕೊಳ್ಳಲಿ.