ತೊದಲ್ನುಡಿಯೂ ದಾಸೋಹವೂ



ನಮ್ಮ ಧರ್ಮವು ಮಾತಿಗೆ ಕೊಟ್ಟ ಸ್ಥಾನ ಸಣ್ಣದಲ್ಲ. 12ನೆಯ ಶತಮಾನದ ಶರಣರು ತಮ್ಮ ಅನುಭಾವವನ್ನು ಮನೆಮನೆಯ ಕನ್ನಡದಲ್ಲಿಯೇ ನುಡಿದರು. ಆ ನುಡಿಗೆ ವಚನವೆಂದೇ ಹೆಸರಾಯಿತು. ಅಂಥವರ ಮಕ್ಕಳಾದ ನಾವು, ನಮ್ಮ ಕೂಸುಗಳಲ್ಲಿ ಮಾತು ಹೇಗೆ ಮೊಳೆಯುತ್ತದೆಂಬುದನ್ನು ಅರಿಯದಿರುವುದು ತರವಲ್ಲ.

ಕೂಸು ಆಡುವುದಕ್ಕಿಂತ ಬಹು ಮೊದಲೇ ಕೇಳಿ ಕಲಿಯುತ್ತದೆ. ಕೆನಡಾ ದೇಶದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ವಿದ್ವಾಂಸರು 1984ರಲ್ಲಿ ಪ್ರಕಟಿಸಿದ ಸಂಶೋಧನೆ ಇದನ್ನು ತೋರಿಸಿತು. ಇಂಗ್ಲಿಷ್ ಮನೆಗಳ ಕೂಸುಗಳಿಗೆ ಅವರು ಹಿಂದಿಯ ತಕಾರ, ಟಕಾರಗಳನ್ನು ಕೇಳಿಸಿದರು. ಕನ್ನಡದಲ್ಲಿಯೂ ಇರುವ ಈ ಭೇದ ಇಂಗ್ಲಿಷಿನಲ್ಲಿಲ್ಲ. 6ರಿಂದ 8 ತಿಂಗಳ ಕೂಸುಗಳಲ್ಲಿ ಬಹುಪಾಲು ಭೇದವನ್ನು ಗುರುತಿಸಿದವು. 10ರಿಂದ 12 ತಿಂಗಳವುಗಳಲ್ಲಿ ಗುರುತಿಸಿದವು ಕೆಲವೇ. ಹಿಂದಿ ಕೇಳಿ ಬೆಳೆದ ವರ್ಷದ ಕೂಸುಗಳಲ್ಲಾದರೋ ಆ ಶಕ್ತಿ ಉಳಿದೇ ಇತ್ತು. ಕಿವಿಗೆ ಬಿದ್ದ ನುಡಿಯೇ ಕೂಸಿನ ನುಡಿಯಾಗುತ್ತದೆಂಬುದು ಇದರ ತಾತ್ಪರ್ಯ.

ಆದುದರಿಂದ ತಾಯಂದಿರೇ, ಕೂಸಿನೊಡನೆ ಮಾತನಾಡಿರಿ. ಪೂಜೆಗೆ ಕುಳಿತಾಗ ಪಕ್ಕದಲ್ಲಿ ಕುಳ್ಳಿರಿಸಿಕೊಂಡು ವಿಭೂತಿ, ಪತ್ರೆ, ಹೂವು ಎಂದು ತೋರಿಸಿ ಹೆಸರಿಸಿರಿ. ಮೊಬೈಲಿನ ಬೊಂಬೆಯೂ ಮಾತನಾಡುತ್ತದೆ, ಆದರೆ ಕೂಸಿನ ತೊದಲಿಗೆ ಅದು ಓಗೊಡುವುದಿಲ್ಲ. ಮುಂದೆ ಇಂಗ್ಲಿಷ್ ಶಾಲೆಗೆ ಹೋಗಬೇಕೆಂದು ಮನೆಯಲ್ಲಿ ಕನ್ನಡ ಬಿಡಬೇಕಾಗಿಲ್ಲ. ಎರಡು ನುಡಿ ಕೇಳುವುದರಿಂದ ಮಾತು ಕುಂಠಿತವಾಗುವುದಿಲ್ಲ.

ಸಾಮಾನ್ಯವಾಗಿ ವರ್ಷ ತುಂಬುವ ಹೊತ್ತಿಗೆ ಮೊದಲ ಪದ ಬರುತ್ತದೆ. ಎರಡು ವರ್ಷಕ್ಕೆ ಎರಡೆರಡು ಪದ ಕೂಡುತ್ತವೆ. ಸದ್ದಿಗೆ ತಿರುಗದ ಕೂಸನ್ನೂ, ಒಂದೂವರೆ ವರ್ಷವಾದರೂ ಪದವಾಡದ ಕೂಸನ್ನೂ ಕಂಡು, “ಗಂಡು ಮಗು, ತಡವಾಗಿ ಮಾತು ಬರುತ್ತದೆ” ಎಂದು ಹಿರಿಯರು ಸಮಾಧಾನ ಹೇಳುವುದುಂಟು. ನಾಲಿಗೆಗೆ ಬಜೆ ತೇಯ್ದು ಹಚ್ಚಿ ಕಾಯುವುದೂ ಉಂಟು. ಕಿವಿಯ ದೋಷವಿದ್ದರೆ ಬಜೆ ಏನು ಮಾಡೀತು? ಕಳೆದ ತಿಂಗಳುಗಳು ಮರಳಿ ಬಾರವು. ಮೊದಲು ಶ್ರವಣ ಪರೀಕ್ಷೆ ಮಾಡಿಸಿರಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆಂದೇ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯತಂಡಗಳು ಅಂಗನವಾಡಿಗಳಲ್ಲಿಯೂ ಮಕ್ಕಳನ್ನು ತಪಾಸಣೆ ಮಾಡುತ್ತವೆ.

ಇನ್ನೊಂದು ಮಾತು. ಮಕ್ಕಳ ನುಡಿಯನ್ನು ಅಭ್ಯಸಿಸುವ ಸಂಶೋಧಕರು ನಿಮ್ಮ ಮನೆಗೂ ಬಂದಾರು. ದೃಷ್ಟಿಯಾದೀತೆಂದು ಬಾಗಿಲು ಹಾಕಬೇಡಿರಿ. ಕೇಳದೆ ರುಜುವನ್ನೂ ಹಾಕಬೇಡಿರಿ. ನೈತಿಕ ಸಮಿತಿಯ ಒಪ್ಪಿಗೆ ಇದೆಯೇ? ಮಗುವಿನ ಧ್ವನಿಯನ್ನು ಮುದ್ರಿಸಿಕೊಳ್ಳುವಿರೇನು? ಅದು ಯಾರ ವಶದಲ್ಲಿರುತ್ತದೆ? ಹೆಸರು ಗುಪ್ತವಾಗಿರುವುದೇ? ಎಂದು ವಿಚಾರಿಸಿರಿ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿಯಂತೆ ಪಾಲಕರ ಒಪ್ಪಿಗೆ ಅವಶ್ಯ. 7 ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳಬೇಕು. ಒಪ್ಪಿದ ಮೇಲೂ ಯಾವಾಗ ಬೇಕಾದರೂ ಹಿಂದೆಗೆಯಬಹುದು; ಅದರಿಂದ ಚಿಕಿತ್ಸೆಗೆ ಕುಂದು ಬರಕೂಡದು.

ಎಲ್ಲಿಯೋ ಯಾರೋ ತಾಯಂದಿರು ತಮ್ಮ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಅರ್ಧ ಗಳಿಗೆ ಕುಳಿತಿದ್ದರಿಂದಲೇ ಈ ಅರಿವು ನಮಗೆ ದೊರೆಯಿತು. ಕನ್ನಡದ ಕೂಸುಗಳ ಮಾತನ್ನು ಅರಿಯಲು ಕನ್ನಡದ ಮನೆಗಳೇ ಮುಂದೆ ಬರಬೇಕಷ್ಟೆ. ಪಡೆದುದನ್ನು ಸಮಾಜಕ್ಕೆ ಸಲ್ಲಿಸುವುದೇ ದಾಸೋಹ. ಅನ್ನದಂತೆ ಅರಿವಿಗೂ ಅದು ಸಲ್ಲುತ್ತದೆ.