ಡಂಪ್‌ಸ್ಟರ್ ಪಕ್ಕದ ಕರಿಬೇವು



ಕಳೆದ ಜನವರಿಯ ಕೊನೆಯ ದಿನ. ಹರ್ನ್‌ಡನ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಸ ಹಾಕಲು ಹೋದವನಿಗೆ ಡಂಪ್‌ಸ್ಟರ್ ಪಕ್ಕದಲ್ಲಿ ಒಂದು ಕುಂಡ ಕಂಡಿತು. ಮೂರಡಿಯ ಬೋಳು ಕಡ್ಡಿ, ಒಂದು ಎಲೆಯೂ ಇಲ್ಲ. ಕುಂಡದ ಅಡಿಗೆ ಸ್ಟೀಲ್ ತಟ್ಟೆ. ತಟ್ಟೆಯ ಮೇಲೆ ಕೆತ್ತಿಸಿದ್ದ ಹೆಸರು ಕನ್ನಡದಲ್ಲಿತ್ತು. ಯಾರ ಹೆಸರು ಅಂತ ಹೇಳುವುದಿಲ್ಲ. ಲೀಸ್ ಮುಗಿಸಿ ಹೊರಟ ನಮ್ಮವರೇ ಯಾರೋ. ಊರಿಂದ ತಂದ ತಟ್ಟೆಯನ್ನೂ ಬಿಟ್ಟು ಹೋಗಿದ್ದಾರೆ ಅಂದರೆ ಎಷ್ಟು ಅವಸರವೋ!

ಉಗುರಿನಿಂದ ಕಾಂಡ ಕೆರೆದು ನೋಡಿದೆ. ಒಳಗೆ ಹಸಿರು.

ಸ್ವಾಮಿ, ಆ ಕರಿಬೇವು ಸತ್ತಿರಲಿಲ್ಲ. ಇಲ್ಲಿಯ ಚಳಿಗಾಲದಲ್ಲಿ ಮನೆಯೊಳಗಿಟ್ಟರೂ ಬೆಳಕು ಸಾಲದೆ, ಹೀಟರಿನ ಒಣಗಾಳಿಗೆ ಎಲೆ ಉದುರಿಸಿಕೊಂಡು ಸುಮ್ಮನೆ ಕೂರುತ್ತದೆ, ಅಷ್ಟೆ. ನಾವು ಗಾಬರಿಯಾಗಿ ಚೊಂಬುಗಟ್ಟಲೆ ನೀರು ಸುರಿಯುತ್ತೇವೆ. ಬೇರು ಕೊಳೆಯುತ್ತದೆ. ಆಗ ನಿಜವಾಗಿಯೂ ಸಾಯುತ್ತದೆ. ಕೋಡಿನಲ್ಲಿ ಒಂದು ಬಗ್ ಬಂದರೆ ಮೂರು ರಾತ್ರಿ ಲಾಗ್ ಓದುವ ನಮಗೆ, ಗಿಡ ಬದುಕಿದೆಯೋ ಇಲ್ಲವೋ ಎಂದು ಒಮ್ಮೆ ಕೆರೆದು ನೋಡುವಷ್ಟು ಪುರುಸೊತ್ತಿಲ್ಲವೇ?

ನಾನೇನೂ ಸಾಚಾ ಅಲ್ಲ. 2016ರ ಅಕ್ಟೋಬರಿನಲ್ಲಿ ನಾನು ಅಟ್ಲಾಂಟಾ ಪಕ್ಕದ ಆಲ್ಫರೆಟ್ಟಾದಲ್ಲಿದ್ದೆ. ಬೆಂಗಳೂರಿನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಕಟ್ಟಲು 812 ಮರ ಕಡಿಯಲು ಹೊರಟಿದ್ದರಲ್ಲ, ಅದರ ವಿರುದ್ಧ ಆನ್‌ಲೈನ್ ಮನವಿಗೆ ಸಹಿ ಹಾಕಿ, ಗೊತ್ತಿದ್ದವರಿಗೆಲ್ಲ ಮಿಂಚಂಚೆ ಕಳಿಸಿದ್ದೆ. ಅಕ್ಟೋಬರ್ 16ರಂದು ಅಲ್ಲಿ ಜನ ಮಾನವ ಸರಪಳಿ ಕಟ್ಟಿದಾಗ ಎದೆಯುಬ್ಬಿತ್ತು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಾಗ ನಾನೇ ಗೆದ್ದಷ್ಟು ಖುಷಿ. ಆದರೆ ಅದೇ 2016ರ ಅಕ್ಟೋಬರ್ ಕೊನೆಗೆ, ಕೆಲಸ ಬದಲಾಗಿ ನಾರ್ತ್ ಕೆರೊಲಿನಾದ ಕೇರಿಗೆ ಹೊರಟಾಗ, ನಾಲ್ಕು ವರ್ಷ ಸಾಕಿದ ಕರಿಬೇವಿನ ಮೇಲೆ 'ಫ್ರೀ' ಎಂದು ಚೀಟಿ ಅಂಟಿಸಿ ಕಸದ ಬಳಿ ಬಿಟ್ಟೆ. ಬೆಳಿಗ್ಗೆ ಕಸದ ಲಾರಿ ಅದನ್ನು ಎತ್ತಿಕೊಂಡು ಹೋಗುವುದನ್ನು ಕಿಟಕಿಯಿಂದ ನೋಡಿದೆ. 812 ಮರಕ್ಕೆ ಕೂಗಿದವನು ಒಂದು ಗಿಡಕ್ಕೆ ಮೆಟ್ಟಿಲಿಳಿದು ಹೋಗಲಿಲ್ಲ!

ಗಿಡವನ್ನು ಜೊತೆಗೆ ಒಯ್ಯಬಹುದಿತ್ತಲ್ಲ ಅನ್ನುತ್ತೀರಾ? ಒಯ್ಯುವಂತಿರಲಿಲ್ಲ. 2005ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡ ಸಿಟ್ರಸ್ ಗ್ರೀನಿಂಗ್ ರೋಗ ಅಲ್ಲಿಯ ಕಿತ್ತಳೆ ತೋಟಗಳನ್ನು ನೆಲಕಚ್ಚಿಸಿತು. ಅದನ್ನು ಹರಡುವ ಸಿಲಿಡ್ ಎಂಬ ಪುಟ್ಟ ಕೀಟ, ಕಿತ್ತಳೆಯ ಬಂಧುವಾದ ಕರಿಬೇವಿನ ಮೇಲೂ ಬದುಕುತ್ತದೆ. ಅದಕ್ಕೇ ಇಡೀ ಜಾರ್ಜಿಯಾ ಮತ್ತು ಸೌತ್ ಕೆರೊಲಿನಾದ ಕೆಲವು ಭಾಗಗಳಿಂದ ಕರಿಬೇವಿನ ಗಿಡವನ್ನು ಕಾರಿನ ಹಿಂದೆ ಇಟ್ಟುಕೊಂಡು ಬೇರೆ ರಾಜ್ಯಕ್ಕೆ ಹೋಗುವ ಹಾಗಿಲ್ಲ. ಸೂಟ್‌ಕೇಸಿನಲ್ಲಿ ಅಮ್ಮ ತುಂಬಿಸಿದ ಎಲೆಯನ್ನು ಡಲಸ್ ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುವುದೂ ಇಂಥ ಕೀಟ-ರೋಗಗಳ ಭಯಕ್ಕೇ. ಕಾನೂನು ಸರಿಯಾಗಿಯೇ ಇದೆ. ಆದರೆ ಅದು ಪಕ್ಕದ ಮನೆಯವರಿಗೆ ಕೊಡಬೇಡ ಅಂದಿಲ್ಲವಲ್ಲ! ಆಲ್ಫರೆಟ್ಟಾದಲ್ಲಿ ಎರಡು ಬೀದಿ ಆಚೆಗೇ ನಮ್ಮವರ ಹತ್ತು ಮನೆಗಳಿದ್ದವು. ನಾನು ಕೇಳಲಿಲ್ಲ, ಅಷ್ಟೆ.

"ಮೂವತ್ತು ಡಾಲರ್ ಕೊಟ್ಟರೆ ಇನ್ನೊಂದು ಸಿಗುತ್ತೆ ಬಿಡ್ರಿ" ಅನ್ನುವ ಗೆಳೆಯರಿದ್ದಾರೆ. ಉತ್ಥಾನ ದ್ವಾದಶಿಗೆ ತುಳಸಿ ಪಕ್ಕ ನೆಡಲು ನೆಲ್ಲಿ ಕೊಂಬೆ ಎಲ್ಲಿ ಸಿಗುತ್ತೆ ಎಂದು ಊರಿಗೆಲ್ಲ ಮಿಂಚಂಚೆ ಬರೆಯುವವರೂ ಇವರೇ, ಮನೆ ಖಾಲಿ ಮಾಡುವಾಗ ಅದೇ ತುಳಸಿಯನ್ನು ಕಪ್ಪು ಚೀಲಕ್ಕೆ ತುಂಬುವವರೂ ಇವರೇ. ನಮ್ಮ ಡಿ.ಸಿ.ಯಲ್ಲಿ ಕ್ಯಾಪಿಟಲ್ ಪಕ್ಕದ ಯು.ಎಸ್. ಬೊಟಾನಿಕ್ ಗಾರ್ಡನ್, ಕಳ್ಳಸಾಗಣೆಯಲ್ಲಿ ಸಿಕ್ಕಿಬಿದ್ದ ಗಿಡಗಳನ್ನು ಸಾಕುವ ಕೇಂದ್ರಗಳಲ್ಲೊಂದು. ಕದ್ದು ತಂದ ಆರ್ಕಿಡ್‌ಗೆ ಸರ್ಕಾರ ನೆಲೆ ಕೊಡುತ್ತದೆ. ದುಡ್ಡು ಕೊಟ್ಟು ತಂದದ್ದನ್ನು ನಾವು ಬೀದಿಗೆ ಬಿಡುತ್ತೇವೆ.

ಎತ್ತಿಕೊಂಡು ಬರುವವರಿಗೆ ಒಂದು ಮಾತು. ಬೀದಿಯ ಗಿಡವನ್ನು ನೇರ ಉಳಿದ ಕುಂಡಗಳ ನಡುವೆ ಇಡಬೇಡಿ. ಎರಡು ವಾರ ಬೇರೆ ಕೋಣೆಯಲ್ಲಿರಲಿ. ಎಲೆಯ ಹಿಂಬದಿ, ಗಿಣ್ಣುಗಳಲ್ಲಿ ಹತ್ತಿಯಂಥ ಬಿಳಿ ಹಿಟ್ಟು ತಿಗಣೆ ಇದ್ದರೆ ಸೋಪಿನ ನೀರಿನಿಂದ ತೊಳೆಯಿರಿ. ಕಪ್ಪಾಗಿ ಕೊಳೆತ ಬೇರು ಕತ್ತರಿಸಿ, ಹೊಸ ಮಣ್ಣಿಗೆ ಹಾಕಿ, ಮೇಲ್ಮಣ್ಣು ಒಣಗುವ ತನಕ ನೀರು ಬೇಡ. ಮನಿ ಪ್ಲಾಂಟ್ ಪೂರ್ತಿ ಹಾಳಾಗಿದ್ದರೂ ಒಂದು ಗಿಣ್ಣಿರುವ ತುಂಡು ಲೋಟದ ನೀರಿನಲ್ಲಿ ಬೇರು ಬಿಡುತ್ತದೆ. ಹೂವುದುರಿದ ಆರ್ಕಿಡ್ ಮುಂದಿನ ವರ್ಷ ಮತ್ತೆ ಹೂ ಬಿಡಬಲ್ಲದು. ಕರಿಬೇವನ್ನು ರಾತ್ರಿಯ ಉಷ್ಣಾಂಶ 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಇಳಿಯುವ ಮುಂಚೆ ಒಳಗೆ ತನ್ನಿ.

ಇನ್ನು ನಮ್ಮ ಕೂಟಗಳಿಗೆ ಒಂದು ಬೇಡಿಕೆ. ಡಿ.ಸಿ.ಯ ಕಾವೇರಿ, ಅಟ್ಲಾಂಟಾದ ನೃಪತುಂಗ, ಕೆರೊಲಿನಾದ ಸಂಪಿಗೆ (ಹೆಸರೇ ಗಿಡದ್ದು ನೋಡಿ!), ಮೂರೂ ಕಡೆ ಯುಗಾದಿಗೆ, ರಾಜ್ಯೋತ್ಸವಕ್ಕೆ ಊಟದ ಸಾಲಿನ ಪಕ್ಕ ಒಂದು ಮೇಜು ಹಾಕಿ. ಊರು ಬಿಡುವವರು ಗಿಡ ತಂದಿಡಲಿ, ಬೇಕಾದವರು ಒಯ್ಯಲಿ. ಭಾಷಣ ಬೇಡ, ಹಾರ ಬೇಡ, ಒಂದು ಮೇಜು ಸಾಕು. ಹರ್ನ್‌ಡನ್ ಸುತ್ತಮುತ್ತ ಮನೆ ಬಿಡುವವರು ಎರಡು ವಾರ ಮುಂಚೆ ನನಗೊಂದು ಮಿಂಚಂಚೆ ಹಾಕಿ, ಕಾರು ತರುತ್ತೇನೆ.

ಡಂಪ್‌ಸ್ಟರ್ ಬಳಿ ಸಿಕ್ಕ ಗಿಡ ಏಪ್ರಿಲ್ ಎರಡನೇ ವಾರ ಬುಡದಿಂದಲೇ ಚಿಗುರಿತು. ಈಗ ವಾರಕ್ಕೆರಡು ಒಗ್ಗರಣೆಗೆ ಸಾಕಾಗುವಷ್ಟು ಎಲೆ ಕೊಡುತ್ತಿದೆ. ತಟ್ಟೆಯನ್ನು ತೊಳೆದಿಟ್ಟಿದ್ದೇನೆ. ಹೆಸರಿನವರು ಯಾವಾಗ ಬೇಕಾದರೂ ಬಂದು ತೆಗೆದುಕೊಂಡು ಹೋಗಬಹುದು. ಗಿಡ ಮಾತ್ರ ಕೊಡುವುದಿಲ್ಲ.