ದೂರವನ್ನು ಹೊಸ್ತಿಲಿನಿಂದ ಅಳೆಯೋಣ

ಇದು ವೇಗದ ಯುಗ. ಎತ್ತಿನ ಬಂಡಿಯಲ್ಲಿ ದಿನಗಟ್ಟಲೆ ಹಿಡಿಯುತ್ತಿದ್ದ ಪ್ರಯಾಣವನ್ನು ವಿಮಾನವು ತಾಸುಗಳಿಗೆ ಇಳಿಸಿದೆ. ನಮ್ಮ ಕರ್ನೂಲು ಜಿಲ್ಲೆಗೂ ಈ ಸೌಲಭ್ಯ ಬಂದಿತು. ಓರ್ವಕಲ್ಲಿನಲ್ಲಿ ಸ್ವಾತಂತ್ರ್ಯವೀರ ಉಯ್ಯಾಲವಾಡ ನರಸಿಂಹ ರೆಡ್ಡಿಯವರ ಹೆಸರಿನ ನಿಲ್ದಾಣವು ಸಿದ್ಧವಾಗಿ, 2021ರ ಮಾರ್ಚ್ 28ರಂದು ಬೆಂಗಳೂರಿನಿಂದ ಬಂದ ಮೊದಲ ಪ್ರಯಾಣಿಕ ವಿಮಾನವು ಅಲ್ಲಿ ಇಳಿಯಿತು. ಕರ್ನೂಲಿನಿಂದ ಬೆಂಗಳೂರು ಒಂದು ತಾಸಿನ ದಾರಿ ಎಂಬ ಮಾತು ಕೇಳಲು ಹಿತವಾಗಿದೆ. ಆದರೆ ಆದೋನಿ ಸೀಮೆಯ ನಮಗೆ ಅದು ಎಷ್ಟರಮಟ್ಟಿಗೆ ನಿಜ?

ವಿದ್ಯಾರ್ಥಿಗಳೇ, ಭೂಪಟವನ್ನು ತೆರೆದು ಅಳತೆಪಟ್ಟಿ ಇಟ್ಟು ನೋಡಿರಿ. ಓರ್ವಕಲ್ಲಿನಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ನೇರ ಗೆರೆ ಸುಮಾರು 280 ಕಿ.ಮೀ. ಆದೋನಿಯಿಂದ ಎಳೆದರೂ ಹೆಚ್ಚುಕಡಿಮೆ ಅಷ್ಟೇ. ಏಕೆಂದರೆ ಓರ್ವಕಲ್ಲು ನಮಗೆ ಪೂರ್ವಕ್ಕಿದೆ, ಬೆಂಗಳೂರು ದಕ್ಷಿಣಕ್ಕಿದೆ. ಎಮ್ಮಿಗನೂರು, ಕರ್ನೂಲುಗಳನ್ನು ದಾಟಿ ಸುಮಾರು 120 ಕಿ.ಮೀ. ಹೋದರೂ ನಾವು ಬೆಂಗಳೂರಿಗೆ ಒಂದು ಮೈಲಿಯಷ್ಟೂ ಹತ್ತಿರವಾಗಿರುವುದಿಲ್ಲ!

ಇನ್ನು ಕಾಲದ ಲೆಕ್ಕ. ತಾಸಿಗೆ 40 ಕಿ.ಮೀ.ನಂತೆ ಓರ್ವಕಲ್ಲಿಗೆ ಮೂರು ತಾಸು. ವಿಮಾನ ಹೊರಡುವ ಮೊದಲು ಕಾಯಲು ಒಂದು ತಾಸು. ಹಾರಾಟಕ್ಕೆ ಒಂದು ತಾಸು. ದೇವನಹಳ್ಳಿಯಿಂದ ನಗರದ ಒಳಗೆ ಮತ್ತೊಂದು ತಾಸು. ಒಟ್ಟು ಆರು ತಾಸು. ಇದರಲ್ಲಿ ಆಕಾಶದ ಪಾಲು ಒಂದೇ. ಉಳಿದ ಐದೂ ನೆಲದವು. ಇತ್ತ ರಾತ್ರಿ ನಮ್ಮೂರಿನಲ್ಲಿಯೇ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಮಲಗಿದವರು ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿಯುತ್ತಾರೆ. ಖರ್ಚೂ ಕಡಿಮೆ.

ಹಾಗೆಂದು ವಿಮಾನ ಬೇಡವೆಂದು ನಾವು ಹೇಳುವುದಿಲ್ಲ. ಕರ್ನೂಲಿನವರಿಗೆ ಅದರಿಂದ ಪ್ರಯೋಜನವುಂಟು. ವಿಶಾಖಪಟ್ಟಣದಂಥ ದೂರದ ಊರಿಗೆ ಹೋಗುವ ನಮಗೂ ಉಂಟು. ಆದರೆ ಪ್ರಗತಿಯನ್ನು ಹಾರಾಟದ ಒಂದು ತಾಸಿನಿಂದ ಮಾತ್ರ ಅಳೆಯುವುದು ಸರಿಯಲ್ಲ.

ನಮ್ಮ ಸೀಮೆಗೆ ಈ ಪಾಠ ಹೊಸದಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರೆಯಾದವು. ಸುಮಾರು 70 ಕಿ.ಮೀ. ದೂರದಲ್ಲಿದ್ದ ಆದೋನಿಯ ಜಿಲ್ಲಾ ಕೇಂದ್ರ ಸುಮಾರು 100 ಕಿ.ಮೀ.ಗೆ ಹೋಯಿತು. ಊರು ಕದಲಲಿಲ್ಲ, ದೂರ ಮಾತ್ರ ಬೆಳೆಯಿತು. ಕಚೇರಿಯ ಕೆಲಸಕ್ಕೆ ಹೋಗುವ ರೈತನು, ದೊಡ್ಡಾಸ್ಪತ್ರೆಗೆ ಸಾಗುವ ರೋಗಿಯು ಇಂದಿಗೂ ಆ ದೂರವನ್ನು ನೆಲದ ಮೇಲೆಯೇ ಸವೆಸಬೇಕಾಗಿದೆ.

ಆದುದರಿಂದ ಪಾಲಕರಲ್ಲಿ ನಮ್ಮ ವಿನಂತಿ ಇಷ್ಟೇ. ವಿಮಾನ ಕೇಳುವಷ್ಟೇ ಗಟ್ಟಿಯಾಗಿ ಕರ್ನೂಲಿಗೆ ಒಳ್ಳೆಯ ರಸ್ತೆಯನ್ನೂ, ಹಳ್ಳಿಗಳಿಗೆ ಹೊತ್ತಿಗೆ ಸರಿಯಾಗಿ ಬರುವ ಬಸ್ಸನ್ನೂ, ಇನ್ನಷ್ಟು ರೈಲುಗಳನ್ನೂ ಕೇಳೋಣ. ಮಕ್ಕಳೇ, ನಾಳೆ ಎಂಜಿನಿಯರರೋ ಅಧಿಕಾರಿಗಳೋ ಆಗಿ ನೀವು ಯೋಜನೆಗಳನ್ನು ರೂಪಿಸುವಾಗ ಪ್ರಯಾಣದ ಕಾಲವನ್ನು ನಿಲ್ದಾಣದಿಂದಲ್ಲ, ಹಳ್ಳಿಯ ಕಟ್ಟಕಡೆಯ ಮನೆಯ ಹೊಸ್ತಿಲಿನಿಂದ ಎಣಿಸಿರಿ. ಆಗಲೇ ಲೆಕ್ಕ ಸರಿಬರುವುದು.